ಕಲ್ಲುಸಕ್ಕರೆ ಬಿಡಿ, ಗಷ್ಟು ನೋಡಿ

ಡೊಂಬಿವಲಿಯ ಲೇಖಕರಿಗೆ ನಮಸ್ಕಾರ.

ರೇರ್ ಅರ್ಥ್ (ಲಾಂಥನಂ, ನಿಯೋಡಿಮಿಯಂ ಮುಂತಾದ ಲೋಹಗಳ ಗುಂಪು) ಕಾರ್ಬೊನೇಟ್‌ಗಳು ಹರಳುಗಟ್ಟುವ ಬಗೆಯ ಮೇಲೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಅಚ್ಚುಹಾಕಲಾಗದು. ಆದರೆ ಬಿಟ್ಟುಕೊಡಲೂ ಮನಸ್ಸಿಲ್ಲ. ಮುಂಬೈಯಿಂದ ನಮಗೆ ಬರುವುದು ಹೆಚ್ಚಾಗಿ ಲೋಕಲ್ ರೈಲು, ಮಳೆ, ಬಿಟ್ಟುಬಂದ ಊರು. ರಸಾಯನಶಾಸ್ತ್ರ ಬರುವುದು ಅಪರೂಪ.

ಮೊದಲ ಎರಡು ಪುಟ ಕಿತ್ತುಹಾಕಿ. ಚೀನಾ, ಮೊಬೈಲು, ಎಲೆಕ್ಟ್ರಿಕ್ ಕಾರು ಎಲ್ಲ ಪೇಪರಿನಲ್ಲಿ ಬಂದು ಹಳಸಿದೆ. ಕಿಡ್ನಿ ಸೋತವರಿಗೆ ಕೊಡುವ ಲಾಂಥನಂ ಕಾರ್ಬೊನೇಟ್ ಮಾತ್ರೆಯನ್ನು ನೀವು ಕಂಸದೊಳಗೆ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಊಟದ ಜೊತೆ ಅಗಿದು ನುಂಗುವ ಆ ಮಾತ್ರೆ ಆಹಾರದ ಫಾಸ್ಫೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಅಲ್ಲಿಂದ ಶುರು ಮಾಡಿ.

ಇನ್ನು ನಿಮ್ಮ ಮುಖ್ಯ ವಾಕ್ಯ: ‘ಪಾಕದಲ್ಲಿ ಕಲ್ಲುಸಕ್ಕರೆ ಕಟ್ಟುವಂತೆ ಅಯಾನುಗಳು ಒಂದೊಂದಾಗಿ ಸೇರಿ ಹರಳಾಗುತ್ತವೆ.’ (ಅಯಾನು ಎಂದರೆ ವಿದ್ಯುದಾವೇಶ ಹೊತ್ತ ಪರಮಾಣು ಅಥವಾ ಪರಮಾಣುಗಳ ಗುಂಪು.) ಓದಲು ಸೊಗಸು, ಆದರೆ ನಡೆಯುವುದು ಹಾಗಲ್ಲ. ನಿಯೋಡಿಮಿಯಂ ಕ್ಲೋರೈಡಿನ ತಿಳಿನೇರಳೆ ದ್ರಾವಣಕ್ಕೆ ಸೋಡಿಯಂ ಕಾರ್ಬೊನೇಟ್ ದ್ರಾವಣ ಸುರಿಯಿರಿ. ಸುರಿದ ಕೂಡಲೇ ಬೀಕರು ಕದಡುತ್ತದೆ, ಲೋಳೆಯಂಥ ಗಷ್ಟು ಇಳಿಯುತ್ತದೆ. ಅದಕ್ಕೆ ಎಕ್ಸ್‌-ರೇ ಹಾಯಿಸಿದರೆ ನಕ್ಷೆಯಲ್ಲಿ ಹರಳಿನ ಚೂಪು ಶಿಖರಗಳ ಬದಲು ಅಗಲವಾದ ಉಬ್ಬು ಕಾಣುತ್ತದೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಸುಮಾರು 10–20 ನ್ಯಾನೋಮೀಟರಿನ ಉಂಡೆಗಳು, ಒಳಗೆಲ್ಲ ನೀರು. ಹರಳು ಇನ್ನೂ ಹುಟ್ಟಿಯೇ ಇಲ್ಲ!

ಹರಳಾಗದ ಈ ಅಸ್ಫಟಿಕ ಘಟ್ಟವನ್ನೇ ನೀವು ಹಾರಿಸಿದ್ದೀರಿ. ಅದು ಎಷ್ಟು ಹೊತ್ತು ಉಳಿಯುತ್ತದೆ, ಯಾಕೆ ಎಂಬುದೇ ಲೇಖನದ ತಿರುಳಾಗಬೇಕು. ಲಾಂಥನಂ, ನಿಯೋಡಿಮಿಯಂ, ಡಿಸ್ಪ್ರೋಸಿಯಂ ಮೂರರ ಅಯಾನುಗಳಿಗೂ ಆವೇಶ +3. ಗಾತ್ರ ಮಾತ್ರ ಇದೇ ಕ್ರಮದಲ್ಲಿ ಕಿರಿದಾಗುತ್ತದೆ. ಚಿಕ್ಕ ಅಯಾನು ಸುತ್ತಲಿನ ನೀರನ್ನು ಬಿಗಿಯಾಗಿ ಹಿಡಿಯುತ್ತದೆ, ಆ ಹಿಡಿತ ಸಡಿಲದೆ ಹರಳಿನ ಸಾಲು ಕೂಡುವುದಿಲ್ಲ. ಹಾಗಾಗಿ ಕೋಣೆಯ ಉಷ್ಣತೆಯಲ್ಲಿ ಲಾಂಥನಂ ಬೇಗನೆ ಲಾಂಥನೈಟ್ ಹರಳಾಗುತ್ತದೆ, ಸೂತ್ರದಲ್ಲಿ 8 ನೀರಿನ ಅಣುಗಳನ್ನು ಇಟ್ಟುಕೊಂಡೇ. ನಿಯೋಡಿಮಿಯಂಗೆ ತಡ. ಡಿಸ್ಪ್ರೋಸಿಯಂ ಬಹಳ ಸತಾಯಿಸಿ, ಟೆಂಗರೈಟ್ ಎಂಬ ಬೇರೆಯೇ ರಚನೆ ಹಿಡಿಯುತ್ತದೆ. ಬಿಸಿ ಮಾಡಿದರೆ ದಾರಿಯೇ ಬೇರೆ: ಕೊಜೋಯೈಟ್, ಹೈಡ್ರಾಕ್ಸಿಲ್ ಬಾಸ್ಟ್ನಸೈಟ್‌ನಂಥ, ನೀರಿನ ಅಣುವಿಲ್ಲದ ಖನಿಜಗಳು. ‘ಸೀರಿಯಂ ಕಥೆಯೂ ಇಷ್ಟೇ’ ಎಂದಿದ್ದೀರಿ. ಅದು +4ಕ್ಕೆ ಏರಿ ಆಕ್ಸೈಡಾಗಿಬಿಡಬಲ್ಲದು, ಆ ಸಾಲು ಹೊಡೆದುಹಾಕಿ.

ಪ್ರಭಾದೇವಿಯಲ್ಲಿ ರೇರ್ ಅರ್ಥ್ ತೆಗೆಯುವ ಸರ್ಕಾರಿ ಕಂಪನಿ ಐಆರ್‌ಇಎಲ್ ಕಚೇರಿ ಕಂಡು ಲೇಖನದ ಹುಮ್ಮಸ್ಸು ಬಂತೆಂದು ಬರೆದಿದ್ದೀರಿ. ಸಂತೋಷ. ಆದರೆ 1950ರಲ್ಲಿ ಹುಟ್ಟಿದ ಆ ಸಂಸ್ಥೆಯ ಮೂಲ ಸರಕು ಕಡಲತೀರದ ಮರಳಿನ ಮೊನಜೈಟ್ ಖನಿಜ, ಅದು ಫಾಸ್ಫೇಟ್. ನೀವು ಅದನ್ನು ಕಾರ್ಬೊನೇಟ್ ಎಂದಿದ್ದೀರಿ. ನೆಲದಲ್ಲೇ ಸಿಗುವ ಕಾರ್ಬೊನೇಟಿಗೆ ಉದಾಹರಣೆ ಬೇಕಿದ್ದರೆ ಗುಜರಾತಿನ ಅಂಬಾ ಡೊಂಗರ್, ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಕೊಡಿ. ಅಲ್ಲಿರುವುದು ಫ್ಲೋರಿನ್ ಕೂಡಿದ ಬಾಸ್ಟ್ನಸೈಟ್. (ಮೊನಜೈಟ್ ತಪ್ಪನ್ನು ತಿದ್ದುವಾಗ ಗಮನಿಸಿ: ಲಾಂಥನಂಗೂ ಫಾಸ್ಫೇಟಿಗೂ ಇರುವ ಅದೇ ಬಿಗಿ ನಂಟೇ ಆ ಮಾತ್ರೆಯ ಕೆಲಸ ಮಾಡಿಸುವುದು.)

ಕೊನೆಯ ‘ಪ್ರಕೃತಿ ಮಾತೆಗೆ ನಮೋ’ ಬೇಡ. ಒಂಬೈನೂರು ಪದ ಸಾಕು. ಯೂನಿಕೋಡಿನಲ್ಲೇ ಕಳಿಸಿ, ಪಿಡಿಎಫ್ ಬೇಡ.

– ಸಂಪಾದಕ