ಮನುಂಗುಲ್ ಮಡಕೆಯಲ್ಲಿ ಇಟ್ಟದ್ದು ಶವವಲ್ಲ

ಫಿಲಿಪೀನ್ಸಿನ ಪುರಾತನ ಸಮಾಧಿ ಮಡಕೆಯಾದ ಮನುಂಗುಲ್ ಮಡಕೆ ಅಷ್ಟು ಚಿಕ್ಕದಾಗಿರುವಾಗ ಅದರಲ್ಲಿ ಶವ ಹಿಡಿಸಿದ್ದು ಹೇಗೆ, ಅದು ಮಗುವಿನ ಸಮಾಧಿಯೇ ಎಂದು ಕೇಳಿದ್ದೀರಿ. ಅಲ್ಲ, ಅದರಲ್ಲಿ ಇಡುತ್ತಿದ್ದದ್ದು ಮೂಳೆಗಳನ್ನು ಮಾತ್ರ. ಶವವನ್ನು ಮೊದಲು ಬೇರೆ ಕಡೆ ಇಟ್ಟು, ಮಾಂಸವೆಲ್ಲ ಕರಗಿದ ಮೇಲೆ ಮೂಳೆಗಳನ್ನು ಆಯ್ದು ಮಡಕೆಗೆ ತುಂಬಿ ಗುಹೆಯೊಳಗೆ ಇಡುತ್ತಿದ್ದರು. ನಮ್ಮ ಅಸ್ಥಿಯ ಕುಡಿಕೆ ನೆನಪಾಗಬಹುದು, ಆದರೆ ಇಲ್ಲಿ ಸುಡುವ ಪದ್ಧತಿಯಲ್ಲ. ಮಡಕೆಯ ಎತ್ತರ ಸುಮಾರು 66 ಸೆಂ.ಮೀ. ವಯಸ್ಕರ ತೊಡೆಮೂಳೆ 45 ಸೆಂ.ಮೀ. ಆಸುಪಾಸು. ಹಾಗಾಗಿ ಆರಾಮವಾಗಿ ಹಿಡಿಸುತ್ತದೆ.

ದಯವಿಟ್ಟು ಮುಚ್ಚಳವನ್ನು ಹತ್ತಿರದಿಂದ ನೋಡಿ. ಅದರ ಮೇಲೆ ಮಾಡಿರುವ ದೋಣಿಯಲ್ಲಿ ಇಬ್ಬರು ಕೂತಿದ್ದಾರೆ. ಮುಂದಿನವರು ಎದೆಯ ಮೇಲೆ ಕೈ ಕಟ್ಟಿಕೊಂಡಿದ್ದಾರೆ, ಹಿಂದಿನವರು ಹುಟ್ಟು ಹಿಡಿದಿದ್ದಾರೆ. ಹುಟ್ಟಿನ ಅಲಗು ಮಾತ್ರ ಮುರಿದುಹೋಗಿದೆ. ಸತ್ತವರ ಆತ್ಮವನ್ನು ಪರಲೋಕಕ್ಕೆ ದಾಟಿಸುವ ದೃಶ್ಯ ಎಂದೇ ಇದನ್ನು ಓದುತ್ತಾರೆ. ಇಬ್ಬರಿಗೂ ನೆತ್ತಿಯಿಂದ ಗದ್ದಕ್ಕೆ ಪಟ್ಟಿ ಕಟ್ಟಿದೆ. ನಮ್ಮೂರುಗಳಲ್ಲೂ ಸತ್ತವರ ಗದ್ದ ಕಟ್ಟುತ್ತೇವಲ್ಲ, ಅದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತ್ತು. ದೋಣಿಯ ಮೂತಿಗೂ ಕಣ್ಣು, ಬಾಯಿ ಇವೆ. ಸಮುದ್ರವನ್ನೇ ನಂಬಿ ಬದುಕಿದ ಜನಕ್ಕೆ ದೋಣಿಯೂ ಜೀವವಿರುವ ಜೊತೆಗಾರ ಎಂದು ನನಗನ್ನಿಸುತ್ತದೆ.

ಇದು ಸಿಕ್ಕಿದ್ದು 1964ರಲ್ಲಿ, ಪಲವಾನ್ ದ್ವೀಪದ ಟಬೋನ್ ಗುಹೆಗಳ ಸಾಲಿನಲ್ಲಿ, ಪುರಾತತ್ವಜ್ಞ ರಾಬರ್ಟ್ ಫಾಕ್ಸ್ ಅವರ ತಂಡಕ್ಕೆ. ಕಾಲ ಕ್ರಿ.ಪೂ. 890ರಿಂದ 710. ಅದೇ ಸಾಲಿನ ಗುಹೆಯಲ್ಲಿ 1962ರಲ್ಲಿ ಸಿಕ್ಕ 'ಟಬೋನ್ ಮಾನವ'ನ ತಲೆಬುರುಡೆಯ ಜೊತೆ ಇದನ್ನು ಸೇರಿಸಬೇಡಿ, ಅದು ಇದಕ್ಕಿಂತ ಸಾವಿರಾರು ವರ್ಷ ಹಳೆಯದು. ಮಡಕೆ ಈಗ ಮನಿಲಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.