ಬೀಗದ ಕೈ ಒಪ್ಪಿಸಿದ ಮಾತ್ರಕ್ಕೆ ಕರಾರು ಮುಗಿಯದು

ಪ್ರಶ್ನೆ: ವ್ಯಾಪಾರ ಮಳಿಗೆಯೊಂದನ್ನು ಐದು ವರ್ಷಗಳ ಕರಾರಿನ ಮೇಲೆ ಬಾಡಿಗೆಗೆ ಪಡೆದಿದ್ದೇನೆ. ಅದರಲ್ಲಿ ಮೊದಲ 36 ತಿಂಗಳು ಲಾಕ್-ಇನ್ ಅವಧಿ, ಅಂದರೆ ಅಲ್ಲಿಯವರೆಗೆ ಕರಾರು ಬಿಟ್ಟು ಹೊರಬರುವಂತಿಲ್ಲ. ಈಗ 20 ತಿಂಗಳು ಕಳೆದಿದ್ದು, ವ್ಯಾಪಾರ ಕೈಹಿಡಿಯಲಿಲ್ಲ. ಮೂರು ತಿಂಗಳ ನೋಟಿಸ್ ಕೊಟ್ಟು, ಮುಂಗಡ ಠೇವಣಿಯ ಆಸೆ ಬಿಟ್ಟು ಖಾಲಿ ಮಾಡಿದರೆ ಸಾಲದೇ? ಉಳಿದ 16 ತಿಂಗಳ ಬಾಡಿಗೆಯನ್ನೂ ಕಟ್ಟಬೇಕೆಂದು ಮಾಲೀಕರು ಪಟ್ಟು ಹಿಡಿದಿದ್ದಾರೆ.

ಉತ್ತರ: ಸಾಲದು, ಹಾಗೆಂದು ಮಾಲೀಕರ ಲೆಕ್ಕವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ನೀವು ಹೇಳುವ ಮೂರು ತಿಂಗಳ ನೋಟಿಸ್ ಸಾಮಾನ್ಯವಾಗಿ ಲಾಕ್-ಇನ್ ಅವಧಿ ಮುಗಿದ ಮೇಲಷ್ಟೇ ಬಳಕೆಗೆ ಬರುವಂಥದ್ದು. ನಿಮ್ಮ ಕರಾರಿನಲ್ಲಿ ಹಾಗೆ ಇದೆಯೇ ಎಂಬುದನ್ನು ಆ ಕಲಮಿನ ಮೊದಲ ಸಾಲಿನಲ್ಲೇ ನೋಡಿಕೊಳ್ಳಿ. ಇನ್ನು ಠೇವಣಿಯು ಬಾಕಿಗೆ ಭದ್ರತೆಯೇ ಹೊರತು ಬಿಡುಗಡೆಯ ಬೆಲೆಯಲ್ಲ. ಅದನ್ನು ಮುಟ್ಟುಗೋಲು ಹಾಕಿಕೊಂಡರೆ ಬೇರಾವ ಹಕ್ಕೂ ಉಳಿಯುವುದಿಲ್ಲ ಎಂದು ಕರಾರಿನಲ್ಲೇ ಬರೆದಿರದಿದ್ದರೆ, ಅದಕ್ಕೂ ಮೀರಿದ ನಷ್ಟವನ್ನು ಮಾಲೀಕರು ಕೇಳಬಹುದು.

ಎಷ್ಟು ಕೇಳಬಹುದು ಎಂಬುದೇ ನಿಜವಾದ ಜಗಳ, ಮತ್ತು ಇಲ್ಲಿ ದೇಶದಿಂದ ದೇಶಕ್ಕೆ ಉತ್ತರ ಬದಲಾಗುತ್ತದೆ. ಭಾರತದ 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತವು ಪರಿಹಾರದ ಗರಿಷ್ಠ ಮಿತಿಯೇ ಹೊರತು ತಾನಾಗಿ ಸಲ್ಲುವ ದಂಡವಲ್ಲ. ಜೊತೆಗೆ 73ನೇ ಕಲಮಿನ ವಿವರಣೆಯು, ನಷ್ಟವನ್ನು ಸರಿಪಡಿಸಿಕೊಳ್ಳಲು ಯಾವ ದಾರಿಗಳಿದ್ದವು ಎಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕೆನ್ನುತ್ತದೆ. ಆದ್ದರಿಂದ ಮಳಿಗೆಗೆ ನಾಲ್ಕು ತಿಂಗಳಲ್ಲಿ ಅದೇ ಬಾಡಿಗೆಗೆ ಹೊಸಬರು ಬಂದರೆ, ನಷ್ಟವೆಂದರೆ ಆ ನಾಲ್ಕು ತಿಂಗಳ ಬಾಡಿಗೆ ಮತ್ತು ದಲ್ಲಾಳಿ ಖರ್ಚಿನಂಥವು, 16 ತಿಂಗಳಿನದ್ದಲ್ಲ ಎಂದು ವಾದಿಸಲು ಗಟ್ಟಿ ಆಧಾರವಿದೆ. ಇಂಗ್ಲೆಂಡಿನಲ್ಲಿ ಈ ವಾದ ಅಷ್ಟು ಸುಲಭವಲ್ಲ: ರೈಕ್‌ಮನ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ 2006ರಲ್ಲಿ, ಬಾಡಿಗೆದಾರ ಬಿಟ್ಟುಹೋದರೆ ಬೇರೆಯವರನ್ನು ಹುಡುಕುವ ಹೊಣೆ ಸಾಮಾನ್ಯವಾಗಿ ಮಾಲೀಕರದ್ದಲ್ಲ ಎಂದಿತು. ಕೆನಡಾದ ಸುಪ್ರೀಂ ಕೋರ್ಟ್ 1971ರ ಹೈವೇ ಪ್ರಾಪರ್ಟೀಸ್ ಪ್ರಕರಣದಲ್ಲಿ, ಸೂಪರ್‌ಮಾರ್ಕೆಟ್ ನಡೆಸುವುದನ್ನು ಅವಧಿಗೆ ಮುನ್ನವೇ ನಿಲ್ಲಿಸಿದ ಬಾಡಿಗೆದಾರ ಸಂಸ್ಥೆಯಿಂದ, ಜಾಗವನ್ನು ಮರಳಿ ವಶಕ್ಕೆ ಪಡೆದ ಬಳಿಕವೂ ಉಳಿದ ಅವಧಿಯ ನಷ್ಟ ಕೇಳಲು ಮಾಲೀಕರಿಗೆ ಅವಕಾಶವಿದೆ ಎಂದು ತೀರ್ಮಾನಿಸಿತು.

ಈ ಕಾರಣಕ್ಕೇ ಬೀಗದ ಕೈಯ ವಿಷಯದಲ್ಲಿ ಎಚ್ಚರವಿರಲಿ. ಕಾವಲುಗಾರನ ಕೈಗೆ ಕೀಲಿಗೊಂಚಲು ಕೊಟ್ಟು, ಅದರ ಫೋಟೋ ಕಳುಹಿಸಿ, ‘ಖಾಲಿ ಮಾಡಿದ್ದೇನೆ’ ಎಂದು ಸಂದೇಶ ಹಾಕಿ ನಿರಾಳರಾಗುವವರನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ‘ಕೀಲಿ ನಮ್ಮ ಬಳಿ ಸುರಕ್ಷಿತವಾಗಿದೆ, ನಮ್ಮ ಹಕ್ಕುಗಳನ್ನು ಬಿಟ್ಟುಕೊಟ್ಟಿಲ್ಲ’ ಎಂಬ ಎರಡು ಸಾಲಿನ ಮರುತ್ತರ ಬಂತೆಂದರೆ, ಕರಾರು ಮುಗಿಯಿತೆಂದು ವಾದಿಸುವುದು ನಿಮಗೆ ಬಹಳ ಕಷ್ಟವಾಗುತ್ತದೆ. ಮಳಿಗೆಯನ್ನು ಮರಳಿ ಒಪ್ಪಿಸಿದ ದಿನಾಂಕ, ಇತ್ಯರ್ಥದ ಮೊತ್ತ, ಠೇವಣಿಯ ಹೊಂದಾಣಿಕೆ ಮತ್ತು ಮುಂದೆ ಯಾವ ಬಾಕಿಯೂ ಇಲ್ಲವೆಂಬ ಮಾತು ಇರುವ, ಇಬ್ಬರೂ ಸಹಿ ಹಾಕಿದ ಪತ್ರವೊಂದೇ ನಿಮ್ಮನ್ನು ಕಾಯಬಲ್ಲದು.

ಅಲ್ಲಿಗೆ ತಲುಪಲು ಒಳ್ಳೆಯ ದಾರಿಯೆಂದರೆ, ನೋಟಿಸಿಗೂ ಮೊದಲೇ ಹೊಸ ಬಾಡಿಗೆದಾರರನ್ನು ನೀವೇ ಹುಡುಕಿ ಮಾಲೀಕರ ಮುಂದೆ ನಿಲ್ಲಿಸುವುದು. ಅವರು ಒಪ್ಪದಿದ್ದರೂ, ಒಳ್ಳೆಯ ಬಾಡಿಗೆದಾರರನ್ನು ಸಕಾರಣವಿಲ್ಲದೆ ತಿರಸ್ಕರಿಸಿದರೆಂಬ ದಾಖಲೆ ನಿಮ್ಮಲ್ಲಿರುತ್ತದೆ. ಆದರೆ ಕರಾರನ್ನು ಹೊಸಬರಿಗೆ ವರ್ಗಾಯಿಸಿದರೂ ಅವರು ತಪ್ಪಿದಾಗ ನಿಮ್ಮ ಹೊಣೆ ಮರಳಿ ಬರಬಹುದಾದ್ದರಿಂದ, ಹಳೆಯ ಕರಾರನ್ನು ರದ್ದುಗೊಳಿಸಿ ಅವರ ಹೆಸರಿನಲ್ಲಿ ಹೊಸದನ್ನೇ ಬರೆಸಿಕೊಳ್ಳುವಂತೆ ಕೇಳಿ. ಕಂಪನಿಯ ಹೆಸರಿನಲ್ಲಿ ಕರಾರು ಮಾಡಿ ನೀವು ವೈಯಕ್ತಿಕ ಜಾಮೀನು ನೀಡಿದ್ದರೆ, ಕಂಪನಿ ಮುಚ್ಚಿದರೂ ಆ ಜಾಮೀನು ಉಳಿಯುತ್ತದೆ. ಅದು ರದ್ದಾಯಿತೆಂಬ ಸಾಲನ್ನು ಇತ್ಯರ್ಥದ ಪತ್ರದಲ್ಲಿ ಬೇರೆಯಾಗಿಯೇ ಬರೆಸಿಕೊಳ್ಳಿ.