ಅಮೆರಿಕದ ಮೋಟಾರ್‌ಹೋಮ್ ಕೊಳ್ಳಬೇಕೆ, ಯುರೋಪಿನದೇ ಸಾಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಮೋಟಾರ್‌ಹೋಮ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ, ಅರ್ಧ ಮನೆ ಮಾತ್ರ. ಅದು ನಿಲ್ಲುವ ಜಾಗದ ಪ್ಲಗ್, ನಲ್ಲಿ, ಚರಂಡಿ, ಗ್ಯಾಸ್ ಬಂಕ್ ಸೇರಿದಾಗಲೇ ಪೂರ್ತಿ ಮನೆ. ಅಮೆರಿಕದ ಗಾಡಿಯನ್ನು ಅಲ್ಲಿನ ಅಗಲ ರಸ್ತೆ, 120 ವೋಲ್ಟ್ ವಿದ್ಯುತ್ತು, ನೆಲಮಟ್ಟದ ಚರಂಡಿ ಬಾಯಿಯನ್ನು ನಂಬಿ ಕಟ್ಟಿರುತ್ತಾರೆ. ಯುರೋಪಿನದನ್ನು ಕಾರಿನ ಲೈಸೆನ್ಸಿನ 3,500 ಕೆ.ಜಿ. ಮಿತಿ, 230 ವೋಲ್ಟ್, ಡಬ್ಬಿಯನ್ನು ಕೈಯಲ್ಲಿ ಹೊತ್ತೊಯ್ದು ಸುರಿಯುವ ಕ್ಯಾಸೆಟ್ ಟಾಯ್ಲೆಟ್ ನಂಬಿ ಕಟ್ಟಿರುತ್ತಾರೆ. ಈ ಸಲದ ಪ್ರಶ್ನೆಗಳಲ್ಲಿ ಹೆಚ್ಚಿನವು ಈ ಎರಡು ಲೋಕ ಬೆರೆತಾಗ ಹುಟ್ಟಿದವು.

ಪ್ರಶ್ನೆ (ಮಿಲ್ಟನ್ ಕೀನ್ಸ್, ಇಂಗ್ಲೆಂಡ್): ನಾವಿಬ್ಬರು, ಮಕ್ಕಳಿಬ್ಬರು. ಬೇಸಿಗೆಗೆ ಊರಿಂದ ಅಪ್ಪ-ಅಮ್ಮ ಬಂದರೆ ಆರು ಜನ. 2001ರ ಅಮೆರಿಕದ ಕ್ಲಾಸ್ ಎ (ಬಸ್ಸಿನಂಥ) ಗಾಡಿ ನೋಡಿದ್ದೇವೆ: 33 ಅಡಿ, ಒಂದು ಸ್ಲೈಡ್‌ಔಟ್ (ನಿಂತಾಗ ಹೊರಕ್ಕೆ ಜಾರಿ ಜಾಗ ಹಿಗ್ಗಿಸುವ ಭಾಗ), ಫೋರ್ಡ್ ವಿ-10 ಪೆಟ್ರೋಲ್ ಎಂಜಿನ್. ಅದೇ ಬೆಲೆಗೆ ಫಿಯಟ್ ಡುಕಾಟೊ ಮೇಲೆ ಕಟ್ಟಿದ 2008ರ 7 ಮೀಟರ್ ಗಾಡಿಯೂ ಇದೆ. ನಾನು ಇಲ್ಲಿ ಲೈಸೆನ್ಸ್ ಪಡೆದದ್ದು 2012ರಲ್ಲಿ. ಯಾವುದು ಸರಿ?

ಉತ್ತರ: ಮೊದಲು ಲೈಸೆನ್ಸ್ ತೆಗೆದು ನೋಡಿ. ಭಾರತದ ಲೈಸೆನ್ಸನ್ನು ಬ್ರಿಟನ್ನಿನಲ್ಲಿ ಬದಲಾಯಿಸಿಕೊಡುವುದಿಲ್ಲ. ಹನ್ನೆರಡು ತಿಂಗಳ ನಂತರ ಎಲ್ಲರೂ ಇಲ್ಲಿಯ ಪರೀಕ್ಷೆ ಪಾಸಾಗಲೇಬೇಕು. 1997ರ ಜನವರಿ 1ಕ್ಕೆ ಮುಂಚೆ ಕಾರಿನ ಪರೀಕ್ಷೆ ಪಾಸಾದವರಿಗೆ 7,500 ಕೆ.ಜಿ.ವರೆಗಿನ ಸಿ-1 ಹಕ್ಕು ತಾನಾಗಿಯೇ ಬಂದಿದೆ. ನಿಮ್ಮದು 2012, ಹಾಗಾಗಿ ಕಾರಿನ ಬಿ ದರ್ಜೆ ಮಾತ್ರ, ಅಂದರೆ 3,500 ಕೆ.ಜಿ.

ನೀವು ಹೇಳುವ ಗಾಡಿ ಫೋರ್ಡ್ ಎಫ್-53 ಚಾಸಿಯದು. ಈ ಅಳತೆಯ ಗಾಡಿಗಳ ತೂಕದ ಫಲಕದಲ್ಲಿ ಸಾಮಾನ್ಯವಾಗಿ 18,000ದಿಂದ 20,500 ಪೌಂಡ್ ಇರುತ್ತದೆ, ಅಂದರೆ 8,165ರಿಂದ 9,300 ಕೆ.ಜಿ. ಇದಕ್ಕೆ ಸಿ-1 ಕೂಡ ಸಾಲದು, ದೊಡ್ಡ ಲಾರಿಯ ಸಿ ಲೈಸೆನ್ಸ್ ಬೇಕು. ಖಾಲಿ ಓಡಿಸುತ್ತೇನೆ ಎಂದರೆ ನಡೆಯುವುದಿಲ್ಲ. ಕಾನೂನು ನೋಡುವುದು ಫಲಕದ ಗರಿಷ್ಠ ತೂಕವನ್ನು. ಸಿ ಪಡೆಯಲು ಡಿ-2 ಅರ್ಜಿ, ವೈದ್ಯರು ತುಂಬಿದ ಡಿ-4 ನಮೂನೆ, ಆಮೇಲೆ ಥಿಯರಿ, ಅಪಾಯ ಗುರುತಿಸುವ ಪರೀಕ್ಷೆ, ಕೊನೆಗೆ ಓಡಿಸುವ ಪರೀಕ್ಷೆ. ಮನೆಯವರನ್ನಷ್ಟೇ ಕರೆದೊಯ್ಯುವವರಿಗೆ ವೃತ್ತಿಪರ ಚಾಲಕರ ಸಿ.ಪಿ.ಸಿ. ಅರ್ಹತಾ ಪತ್ರ ಬೇಡ.

ಎರಡನೆಯದು ಅಗಲ. ಬ್ರಿಟನ್ನಿನಲ್ಲಿ ಮಿತಿ 2.55 ಮೀಟರ್. ಅಮೆರಿಕದ ಅಗಲ ಮಾದರಿಗಳು 102 ಇಂಚು, ಅಂದರೆ 2.59 ಮೀಟರ್. ನಾಲ್ಕು ಸೆಂಟಿಮೀಟರ್ ತಾನೇ ಎಂದು ಬಿಡಬೇಡಿ, ಅಪಘಾತವಾದ ದಿನ ವಿಮೆಯವರು ಹಿಡಿಯುವುದು ಅದನ್ನೇ. ಕ್ಯಾಟಲಾಗ್ ನಂಬದೆ, ಕನ್ನಡಿ ಬಿಟ್ಟು ಮೈಯ ಅಗಲವನ್ನು ಟೇಪ್ ಹಿಡಿದು ನೀವೇ ಅಳೆಯಿರಿ. 96 ಇಂಚಿನ ಮಾದರಿಯಾದರೆ 2.44 ಮೀಟರ್, ಆಗ ತೊಂದರೆಯಿಲ್ಲ.

ಮೂರನೆಯದು ಕೂರುವ ಜಾಗ. ಮಲಗಲು ಆರು ಹಾಸಿಗೆ ಇದ್ದ ಮಾತ್ರಕ್ಕೆ ಆರು ಜನ ಪ್ರಯಾಣ ಮಾಡಬಹುದು ಎಂದಲ್ಲ. ಆ ಕಾಲದ ಹಲವು ಕ್ಲಾಸ್ ಎ ಗಾಡಿಗಳಲ್ಲಿ ಭುಜದ ಬೆಲ್ಟ್ ಇರುವುದು ಮುಂದಿನ ಎರಡು ಸೀಟಿಗಷ್ಟೇ. ಸೋಫಾದ್ದು ಸೊಂಟದ ಪಟ್ಟಿ, ಅದೂ ಪಕ್ಕಕ್ಕೆ ಮುಖ ಮಾಡಿರುತ್ತದೆ. ಪಕ್ಕಕ್ಕೆ ತಿರುಗಿದ ಸೀಟಿಗೆ ಮಕ್ಕಳ ಸೀಟು ಕಟ್ಟುವಂತಿಲ್ಲ. ನಿಮ್ಮ ಮಕ್ಕಳ ವಿಷಯದಲ್ಲಿ ಇದೊಂದೇ ಕಾರಣಕ್ಕೆ ನಾವು ಈ ಗಾಡಿ ಬೇಡ ಎನ್ನುತ್ತೇವೆ.

ಎಂಜಿನ್ ವಿಚಾರ: ಆ ಕಾಲದ 6.8 ಲೀಟರ್ ವಿ-10 ಗಟ್ಟಿಮುಟ್ಟು, ಆದರೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸ್ಪಾರ್ಕ್ ಪ್ಲಗ್ ಹಿಡಿಯುವ ಮರೆ (ಥ್ರೆಡ್) ಕೆಲವೇ ಸುತ್ತು. ಅದು ಸವೆದರೆ ಪ್ಲಗ್ ಸಿಡಿದು ಹೊರಬರುತ್ತದೆ. ಹೊಸ ಮರೆಯ ಇನ್ಸರ್ಟ್ ಕೂರಿಸಿ ರಿಪೇರಿ ಮಾಡಿದ ದಾಖಲೆ ಇದೆಯೇ ಕೇಳಿ. ಇಂಧನ 100 ಕಿ.ಮೀ.ಗೆ 30ರಿಂದ 35 ಲೀಟರ್. ಸ್ಕಾಟ್ಲೆಂಡಿಗೆ ಹೋಗಿ ಬರುವ 1,600 ಕಿ.ಮೀ.ಗೆ 480ರಿಂದ 560 ಲೀಟರ್ ಪೆಟ್ರೋಲ್. ಡುಕಾಟೊಗೆ 180 ಲೀಟರ್ ಡೀಸೆಲ್ ಸಾಕು.

ಹಾಗೆಂದು ಡುಕಾಟೊವನ್ನು ಕಣ್ಣು ಮುಚ್ಚಿ ಕೊಳ್ಳಬೇಡಿ. 2006ರ ನಂತರ ಬಂದ ಈ ಮಾದರಿಯ ಆರಂಭದ ಗಾಡಿಗಳು ಏರಿನಲ್ಲಿ ರಿವರ್ಸ್ ತೆಗೆಯುವಾಗ ಗಡಗಡ ನಡುಗುತ್ತಿದ್ದವು. ಕೊಳ್ಳುವ ಮುಂಚೆ ಇಳಿಜಾರಿನಲ್ಲಿ ಮೇಲ್ಮುಖವಾಗಿ ಹಿಂದಕ್ಕೆ ಓಡಿಸಿ ನೋಡಿ. ಗಾಜಿನ ಕೆಳಗಿನ ತಟ್ಟೆಯಿಂದ ಮಳೆನೀರು ಎಂಜಿನ್ ಮೇಲೆ ತೊಟ್ಟಿಕ್ಕಿ ಇಂಜೆಕ್ಟರ್ ಸುತ್ತ ತುಕ್ಕು ಹಿಡಿದಿದೆಯೇ, ಬಾನೆಟ್ ಎತ್ತಿ ನೋಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಗಾಡಿ ಹೆಚ್ಚು ಓಡಿರದಿದ್ದರೂ ಅದನ್ನು ವರ್ಷದ ಲೆಕ್ಕದಲ್ಲಿ ಬದಲಿಸಬೇಕು.

ಎರಡೂ ಬಗೆಯ ಗಾಡಿಗಳ ದೊಡ್ಡ ಶತ್ರು ನೀರು. ತೇವದ ಮೀಟರ್ ಹಿಡಿದು ಕಿಟಕಿಗಳ ಮೂಲೆ, ಚಾವಣಿ ಗೋಡೆಗೆ ಸೇರುವ ಅಂಚು, ಹಿಂದಿನ ದೀಪಗಳ ಒಳಬದಿ ಅಳೆಯಿರಿ. 15 ಶೇಕಡದ ಒಳಗಿದ್ದರೆ ಸರಿ, 15ರಿಂದ 20 ಇದ್ದರೆ ಮೂರು ತಿಂಗಳಿಗೆ ಮತ್ತೆ ನೋಡಬೇಕು, 20 ದಾಟಿದರೆ ಒಳಗೆ ಮರ ಕೊಳೆಯತೊಡಗಿರಬಹುದು. ಅಮೆರಿಕದ ಹಲವು ಗಾಡಿಗಳ ಮೇಲೆ ರಬ್ಬರ್ ಚಾವಣಿ, ಅದರ ಕಿಂಡಿಗಳ ಸುತ್ತ ಸೀಲೆಂಟ್ ಇರುತ್ತದೆ. ಅದನ್ನು ಆರು ತಿಂಗಳಿಗೊಮ್ಮೆ ಏಣಿ ಹತ್ತಿ ನೋಡಿ, ಬಿರುಕು ಬಿಟ್ಟಲ್ಲಿ ಮೆತ್ತಬೇಕು. ಸ್ಲೈಡ್‌ಔಟ್ ಇದ್ದರೆ ಅದರ ಕೆಳಗಿನ ಮೂಲೆಗಳ ನೆಲವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬಿಟ್ಟುಬಿಡಿ.

ಈಗ ಆರು ಜನದ ಲೆಕ್ಕ. 3,500 ಕೆ.ಜಿ.ಯ ಗಾಡಿ, ಚಾಲಕ ಮತ್ತು ಡೀಸೆಲ್ ಸೇರಿ 3,050 ತೂಗಿತು ಎನ್ನೋಣ. ಉಳಿದದ್ದು 450. ಇನ್ನು ಮೂವರು ದೊಡ್ಡವರು 210, ಮಕ್ಕಳಿಬ್ಬರು 70, ನೀರು 80, ಹೊರಚಪ್ಪರ 35, ಬಟ್ಟೆಬರೆ ತಲೆಗೆ 15ರಂತೆ 90. ಒಟ್ಟು 485. ಅಕ್ಕಿ, ಕುಕ್ಕರ್, ಕುರ್ಚಿ ಇನ್ನೂ ಏರಿಲ್ಲ! ಇಷ್ಟು ಸಾಲದೆಂಬಂತೆ ಹಿಂದಿನ ಆಕ್ಸಲಿನ ಸಮಸ್ಯೆ ಬೇರೆ. ಚಕ್ರಗಳ ನಡುವೆ 4 ಮೀಟರ್ ಇದ್ದು, ಹಿಂಚಕ್ರದಿಂದ 1.5 ಮೀಟರ್ ಹಿಂದೆ 100 ಕೆ.ಜಿ. ಸಾಮಾನಿಟ್ಟರೆ ಹಿಂದಿನ ಆಕ್ಸಲಿಗೆ ಬೀಳುವುದು 137.5 ಕೆ.ಜಿ. ಮುಂದಿನದು 37.5 ಹಗುರಾಗುತ್ತದೆ. ಮುಂಚಕ್ರ ಎಳೆಯುವ ಡುಕಾಟೊ ಹಸಿ ಹುಲ್ಲಿನಲ್ಲಿ ಸಿಕ್ಕಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕದ ಜೊತೆ ಪ್ರತಿ ಆಕ್ಸಲನ್ನೂ ಬೇರೆ ತೂಗಿಸಿ.

ನಮ್ಮ ಸಲಹೆ: ನಾಲ್ವರಿಗೆ 3,500ರ ಗಾಡಿ ಕೊಂಡು, ಅಪ್ಪ-ಅಮ್ಮ ಬಂದಾಗ ಕ್ಯಾಂಪ್‌ಸೈಟಿನ ಕ್ಯಾಬಿನ್ ಹಿಡಿಯಿರಿ, ಅವರು ರೈಲಿನಲ್ಲೋ ಬಸ್ಸಿನಲ್ಲೋ ಬಂದು ಸೇರಲಿ. ಆರು ಜನವೂ ಒಟ್ಟಿಗೇ ಹೋಗಬೇಕೆಂದಿದ್ದರೆ ಸಿ-1 ಪಾಸಾಗಿ, ಆರು ಸೀಟಿಗೂ ಮೂರು ಬಿಂದುವಿನ ಬೆಲ್ಟ್ ಇರುವ, 3,500 ದಾಟಿದ ಯುರೋಪಿನ ಗಾಡಿ ಹುಡುಕಿ. ಅಮೆರಿಕದ್ದೇ ಬೇಕೆಂದರೆ ಫೋರ್ಡ್ ಇ-450 ಚಾಸಿಯ ಕ್ಲಾಸ್ ಸಿ (ವ್ಯಾನಿನ ಮುಂಭಾಗದ ಹಿಂದೆ ಮನೆ ಕಟ್ಟಿದ) ಗಾಡಿ ನೋಡಬಹುದು. ಅದರ ಮಿತಿ 14,500 ಪೌಂಡ್, 6,577 ಕೆ.ಜಿ., ಸಿ-1ಕ್ಕೆ ಒಳಪಡುತ್ತದೆ. ಬೆಲ್ಟುಗಳನ್ನು ಮಾತ್ರ ಒಂದೊಂದಾಗಿ ಎಣಿಸಿ.

ಪ್ರಶ್ನೆ (ಅಬರ್ಡೀನ್, ಸ್ಕಾಟ್ಲೆಂಡ್): ನಮ್ಮದು ಅಮೆರಿಕದ ಕ್ಲಾಸ್ ಸಿ. ಹಿಂದಿನ ಮಾಲೀಕರು ಕಟ್ಟಡ ಕೆಲಸದವರ ಹಳದಿ 110 ವೋಲ್ಟ್ ಟ್ರಾನ್ಸ್‌ಫಾರ್ಮರ್ ಕೊಟ್ಟಿದ್ದಾರೆ. ಮೈಕ್ರೋವೇವ್ ಜೋರಾಗಿ ಗುಂಯ್ಗುಡುತ್ತದೆ, ಎ.ಸಿ. ಹಾಕಿದರೆ ಸೈಟಿನ ಬ್ರೇಕರ್ ಬೀಳುತ್ತದೆ.

ಉತ್ತರ: ಆ ಹಳದಿ ಪೆಟ್ಟಿಗೆಯನ್ನು ಇಂದೇ ತೆಗೆದಿಡಿ. ಅದರ ಸುರುಳಿಯ ನಡುಭಾಗ ಅರ್ತ್‌ಗೆ ಸೇರಿರುತ್ತದೆ. ಹಾಗಾಗಿ ಎರಡು ತಂತಿಯಲ್ಲೂ ಅರ್ತ್‌ಗೆ ಹೋಲಿಸಿದರೆ 55 ವೋಲ್ಟ್ ಇರುತ್ತದೆ. ಅಮೆರಿಕದ ಗಾಡಿ ಒಂದು ತಂತಿ ನ್ಯೂಟ್ರಲ್ ಎಂದು ನಂಬಿದೆ, ಬ್ರೇಕರು, ಸ್ವಿಚ್ಚು ಕತ್ತರಿಸುವುದು ಇನ್ನೊಂದನ್ನು ಮಾತ್ರ. ಸ್ವಿಚ್ ಆರಿಸಿದರೂ ಉಪಕರಣದೊಳಗೆ ಒಂದು ತಂತಿ ಜೀವಂತವಾಗಿರುತ್ತದೆ. ಜೊತೆಗೆ ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಡ್ರಿಲ್ಲಿನಂಥ ಬಿಟ್ಟುಬಿಟ್ಟು ಓಡುವ ಕೆಲಸಕ್ಕೆ ಮಾಡಿದವು, ಇಡೀ ರಾತ್ರಿ ಹೊರೆ ಹೊರಲು ಅಲ್ಲ.

ಗುಂಯ್ಗುಡುವುದಕ್ಕೆ ಕಾರಣ ಬೇರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆವರ್ತನವನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ಗೆ ಮಾಡಿದ ಮೈಕ್ರೋವೇವ್ ಒಳಗಿನ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಕರೆಂಟ್ ಎಳೆದು ಕಾಯುತ್ತದೆ. ಎ.ಸಿ.ಯ ಮೋಟಾರು ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ ಬಿಸಿಯಾಗುತ್ತದೆ. ಸೈಟಿನಲ್ಲಿ ಸಿಗುವುದೂ ಕಡಿಮೆ: 6 ಆಂಪಿಯರ್ ಎಂದರೆ 1,380 ವಾಟ್, 10 ಎಂದರೆ 2,300, 16 ಎಂದರೆ 3,680. ನಿಮ್ಮ 30 ಆಂಪಿಯರಿನ ಗಾಡಿ 3,600 ವಾಟ್ ಸಿಗುತ್ತದೆಂದು ನಂಬಿ ಕಟ್ಟಿದ್ದು. 13,500 ಬಿ.ಟಿ.ಯು. ಎ.ಸಿ. ಒಂದಕ್ಕೇ ಸುಮಾರು 1,500 ವಾಟ್ ಬೇಕು, ಕಂಪ್ರೆಸರ್ ಏಳುವ ಕ್ಷಣದಲ್ಲಿ ಅದರ ಹಲವು ಪಟ್ಟು.

ಶಾಶ್ವತ ಪರಿಹಾರ ಹೀಗೆ. ಸೈಟಿನ ಕರೆಂಟ್ ಸೇರುವ ನೀಲಿ ಹುಕ್‌ಅಪ್‌ನಿಂದ ಹೊಸ 230 ವೋಲ್ಟ್ ಸಾಲು ಎಳೆಸಿ, ಅದಕ್ಕೆ ಪ್ರತ್ಯೇಕ ಆರ್.ಸಿ.ಡಿ. (ಕರೆಂಟ್ ಸೋರಿದರೆ ಕತ್ತರಿಸುವ ಸಾಧನ), ಬ್ರೇಕರು ಮತ್ತು ಎರಡು ಬ್ರಿಟಿಷ್ ಸಾಕೆಟ್ ಹಾಕಿಸಿ. ಆ ಸಾಲಿನಿಂದಲೇ 230 ವೋಲ್ಟಿನ ಬ್ಯಾಟರಿ ಚಾರ್ಜರ್ ಓಡಲಿ. ಅಮೆರಿಕದ ಉಪಕರಣಗಳಿಗೆ ಬ್ಯಾಟರಿಯಿಂದ ಅಮೆರಿಕದ್ದೇ 2,000 ವಾಟ್ ಶುದ್ಧ ಸೈನ್ ಇನ್ವರ್ಟರ್ ಕೊಡಿ, ಅದು ಎಲ್ಲಿದ್ದರೂ 120 ವೋಲ್ಟ್, 60 ಹರ್ಟ್ಸ್ ಕೊಡುತ್ತದೆ. 1,500 ವಾಟ್ ಹೊರೆಗೆ 12 ವೋಲ್ಟ್ ಬದಿಯಲ್ಲಿ ಸುಮಾರು 140 ಆಂಪಿಯರ್ ಹರಿಯುವುದರಿಂದ ಕೇಬಲ್ ದಪ್ಪ, ಉದ್ದ ಗಿಡ್ಡ, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್. ಹತ್ತು ನಿಮಿಷದ ಮೈಕ್ರೋವೇವ್ ಸುಮಾರು 23 ಆಂಪಿಯರ್-ಗಂಟೆ ತಿನ್ನುತ್ತದೆ. ಅಬರ್ಡೀನಿನಲ್ಲಿ ಎ.ಸಿ. ಇಲ್ಲದೆ ನಡೆಯುತ್ತದೆ, ಆ ಖರ್ಚು ಬಿಡಿ. ಎರಡೂ ವ್ಯವಸ್ಥೆಯ ತಂತಿಗಳು ಎಲ್ಲೂ ಸೇರಬಾರದು. ಇದನ್ನು ಅರ್ಹ ಎಲೆಕ್ಟ್ರಿಷಿಯನ್ ಮಾಡಬೇಕು.

ಪ್ರಶ್ನೆ (ಶ್ಟುಟ್‌ಗಾರ್ಟ್, ಜರ್ಮನಿ): ನಾವು ನೀರು ಬಳಸುವವರು, ಕ್ಯಾಸೆಟ್ ಟಾಯ್ಲೆಟ್ ದಿನಕ್ಕೊಮ್ಮೆ ತುಂಬುತ್ತದೆ. ಅಮೆರಿಕದ ಗಾಡಿಯ ದೊಡ್ಡ ಟ್ಯಾಂಕ್ ವಾಸಿಯೇ?

ಉತ್ತರ: ಕ್ಯಾಸೆಟ್ ಹಿಡಿಯುವುದು 17ರಿಂದ 20 ಲೀಟರ್. ತೊಳೆಯುವ ನೀರೂ ಸೇರಿ ಸಲಕ್ಕೆ ಎರಡು ಲೀಟರ್ ಹೋದರೆ ಎಂಟರಿಂದ ಹತ್ತು ಸಲಕ್ಕೆ ತುಂಬಿತು. ಕಾಗದ ಬಳಸುವ ದಂಪತಿಗೆ ಅದೇ ಎರಡು-ಮೂರು ದಿನ ಬರುತ್ತದೆ. ನಾಲ್ವರ ಮನೆಗೆ ಎರಡನೇ ಕ್ಯಾಸೆಟ್ ಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ. ಅರ್ಧ ಲೀಟರಿನ ಚಿಕ್ಕ ಚೊಂಬು ಇಡಿ, ಬೆಳಗಿನ ಹೊತ್ತು ಸೈಟಿನ ಶೌಚಾಲಯ ಬಳಸಿ. ಖಾಲಿ ಮಾಡುವಾಗ ಗಾಳಿಯ ಗುಂಡಿ ಒತ್ತಿ ಹಿಡಿಯದಿದ್ದರೆ ಗಳಗಳ ಎಂದು ಮೈಮೇಲೆ ಸಿಡಿಯುತ್ತದೆ. ಬಾಯಿಯ ರಬ್ಬರ್ ಪಟ್ಟಿಗೆ ವ್ಯಾಸಲಿನ್ ಹಚ್ಚಬೇಡಿ, ಉಬ್ಬಿ ಸೋರತೊಡಗುತ್ತದೆ. ಸಿಲಿಕೋನ್ ಲೇಪ ಹಚ್ಚಿ.

ಅಮೆರಿಕದ ದೊಡ್ಡ ಗಾಡಿಗಳ ಟ್ಯಾಂಕ್ ಸುಮಾರು 150 ಲೀಟರ್, ಅದಕ್ಕೆ ನೀರು ಹೆಚ್ಚಾದಷ್ಟೂ ಒಳ್ಳೆಯದು. ಆದರೆ ಅದು ಖಾಲಿಯಾಗುವುದು ಮೂರು ಇಂಚಿನ ಪೈಪಿನಲ್ಲಿ, ಕೆಳಮುಖವಾಗಿ, ನೆಲಮಟ್ಟದ ಬಾಯಿಗೆ. ಯುರೋಪಿನ ಅನೇಕ ಸೈಟುಗಳಲ್ಲಿ ಇರುವುದು ಕ್ಯಾಸೆಟ್ ಸುರಿಯುವ ಎತ್ತರದ ಬೋಗುಣಿ. ಅಲ್ಲಿಗೆ ಏರಿಸಲು 12 ವೋಲ್ಟಿನ ಅರೆಯುವ ಪಂಪು, ಒಂದು ಇಂಚಿನ ಕೊಳವೆ ಬೇಕು. ಕೆಲವು ಸೈಟಿನವರು ಒಪ್ಪುವುದಿಲ್ಲ, ಮೊದಲೇ ಫೋನ್ ಮಾಡಿ. ಇದೊಂದು ಸೌಕರ್ಯಕ್ಕಾಗಿ ಗಾಡಿ ಬದಲಿಸಬೇಡಿ, ಅದರಲ್ಲೂ ಜರ್ಮನಿಯ ಚಳಿಯಲ್ಲಿ ಟ್ಯಾಂಕ್ ಹೊರಗೆ ನೇತಾಡುವ ಗಾಡಿಗೆ.

ಪ್ರಶ್ನೆ (ಡಲ್ಲಾಸ್, ಟೆಕ್ಸಾಸ್): ಯುರೋಪಿನ ಚಿಕ್ಕ ಮೋಟಾರ್‌ಹೋಮ್ ತರಿಸಿಕೊಳ್ಳಬಹುದೇ? ಊರಿನ ಮಿಕ್ಸಿ ಅದರಲ್ಲಿ ಓಡುತ್ತದೆ ಎಂಬ ಆಸೆ. ಮನೆಯಲ್ಲಿ 30 ಆಂಪಿಯರ್ ಪ್ಲಗ್ ಕೂಡ ಹಾಕಿಸುತ್ತಿದ್ದೇವೆ.

ಉತ್ತರ: ಅಮೆರಿಕದ ಸುರಕ್ಷತಾ ಮಾನದಂಡಕ್ಕೆ ಕಟ್ಟಿರದ ಗಾಡಿಗೆ 25 ವರ್ಷ ತುಂಬಿರಬೇಕು. ಅಷ್ಟು ಹಳೆಯದು ತಂದು ಬಿಡಿಭಾಗಕ್ಕೆ ಸಮುದ್ರದಾಚೆ ಕಾಯುವುದಕ್ಕಿಂತ ಅಲ್ಲೇ ಸಿಗುವ ಕ್ಲಾಸ್ ಬಿ (ವ್ಯಾನಿನೊಳಗೇ ಕಟ್ಟಿದ) ಗಾಡಿ ನೋಡಿ. ರಾಮ್ ಪ್ರೋಮಾಸ್ಟರ್ ಡುಕಾಟೊದ ಒಡಹುಟ್ಟು, ಮರ್ಸಿಡಿಸ್ ಸ್ಪ್ರಿಂಟರ್ ಎರಡೂ ಕಡೆ ಇದೆ. ಊರಿನ 750 ವಾಟ್ ಮಿಕ್ಸಿ 230 ವೋಲ್ಟಿನದು, ಅಮೆರಿಕದ ಪ್ಲಗ್‌ನಲ್ಲಿ ಚಟ್ನಿ ಅರೆಯುವ ಶಕ್ತಿ ಅದಕ್ಕೆ ಬರುವುದಿಲ್ಲ. 110 ವೋಲ್ಟಿನ ಮಿಕ್ಸಿ ಕೊಂಡರೆ ಮುಗಿಯಿತು.

ಪ್ಲಗ್ ವಿಷಯದಲ್ಲಿ ಮಾತ್ರ ಬಹಳ ಎಚ್ಚರ. 30 ಆಂಪಿಯರಿನ ಆರ್.ವಿ. (ಮೋಟಾರ್‌ಹೋಮ್) ಸಾಕೆಟ್‌ಗೆ ಬೇಕಾದ್ದು 120 ವೋಲ್ಟ್. ಅದರ ಮೂರು ಕಂಡಿ ನೋಡಿ ಬಟ್ಟೆ ಒಣಗಿಸುವ ಯಂತ್ರದ್ದೆಂದು ತಿಳಿದು 240 ವೋಲ್ಟ್ ಕೊಟ್ಟುಬಿಡುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಗಾಡಿಯ ಚಾರ್ಜರ್, ಮೈಕ್ರೋವೇವ್, ಫ್ರಿಡ್ಜಿನ ಬೋರ್ಡು ಕ್ಷಣದಲ್ಲಿ ಸುಡುತ್ತವೆ. ಸಿಂಗಲ್ ಪೋಲ್ 30 ಆಂಪಿಯರ್ ಬ್ರೇಕರ್, 10 ಗೇಜ್ ತಾಮ್ರದ ತಂತಿ ಎಂದು ಬರೆದುಕೊಡಿ. ಕೆಲಸ ಮುಗಿದ ಮೇಲೆ ಮೀಟರ್ ಹಿಡಿದು ಮೂರು ಸಲ ಅಳೆಸಿ: ಫೇಸಿನಿಂದ ನ್ಯೂಟ್ರಲ್‌ಗೆ 120, ಫೇಸಿನಿಂದ ಅರ್ತ್‌ಗೆ 120, ನ್ಯೂಟ್ರಲ್‌ನಿಂದ ಅರ್ತ್‌ಗೆ ಸೊನ್ನೆಯ ಹತ್ತಿರ. ಎಲ್ಲಾದರೂ 240 ಕಂಡರೆ ಗಾಡಿಯ ಕೇಬಲ್ ಮುಟ್ಟಿಸಬೇಡಿ, ಬ್ರೇಕರ್ ಇಳಿಸಿ ಅವರನ್ನು ಮತ್ತೆ ಕರೆಸಿ.